ನೆರವಿಗೆ ಹೋದ ಕಲ್ಲುಗಳು

ನಮ್ಮ ಲೆಪಾಮ್ಯಾದಲ್ಲಿ ಈಗ ಒಲೆ ಉರಿಯುವುದು ಏಳು ಮನೆಗಳಲ್ಲಿ. ಹಬೆಮನೆಗಳು ಮಾತ್ರ ಎಂಟು. ಹಿಲ್ಯಾ ಅತ್ತೆಯ ಹಿತ್ತಿಲಲ್ಲಿ ಎರಡಿವೆ. ಅದರಲ್ಲೊಂದು ಹತ್ತು ವರ್ಷದಿಂದ ಬೀಳುತ್ತಿದೆ, ಇನ್ನೂ ಬಿದ್ದಿಲ್ಲ. ಎಸ್ಟೋನಿಯಾದ ಈ ಮೂಲೆಯಲ್ಲಿ ಶನಿವಾರ ಮಧ್ಯಾಹ್ನದ ಮೇಲೆ ಯಾರ ಮನೆಗೆ ಹೋಗಿ ಕೂಗಿದರೂ ಓಗೊಡುವವರು ಸಿಗುವುದಿಲ್ಲ. ಎಲ್ಲರೂ ಹಿತ್ತಿಲಲ್ಲಿ ಬಗ್ಗಿಕೊಂಡು ಸೌದೆ ತುರುಕುತ್ತಿರುತ್ತಾರೆ. ಕಲ್ಲು ಕಾಯಬೇಕು, ಕಾದ ಕಲ್ಲಿನ ಮೇಲೆ ಸೌಟಿನಿಂದ ನೀರು ಬೀಳಬೇಕು, ಏಳುವ ಹಬೆಯಲ್ಲಿ ಕೂತು ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಹೊಡೆದುಕೊಳ್ಳಬೇಕು. ಅಲ್ಲಿಗೆ ವಾರ ಮುಗಿಯಿತು ಎಂದು ಲೆಕ್ಕ.

ಉಕ್ರೇನಿನಲ್ಲಿ ಯುದ್ಧ ಶುರುವಾದ ವರ್ಷದ ಅಕ್ಟೋಬರಿನಲ್ಲಿ ಉರ್ಮಸ್ ಅಲ್ಲಿಂದ ನಾಲ್ಕನೆಯ ಸಲ ಹಿಂದಿರುಗಿದ. ಉರ್ಮಸ್ ನಮ್ಮೂರಿನ ವೆಲ್ಡಿಂಗ್ ಕೆಲಸದವನು. ವೋರು ಪಟ್ಟಣದಿಂದ ಹೊರಡುವ ನೆರವಿನ ಗಾಡಿಗಳ ಸಾಲಿನಲ್ಲಿ ತನ್ನ ವ್ಯಾನನ್ನೂ ಸೇರಿಸಿ ಕಂಬಳಿ, ಮೇಣದಬತ್ತಿ, ಬ್ಯಾಂಡೇಜು ಒಯ್ದು ಅಲ್ಲಿನ ಒಂದು ಆಸ್ಪತ್ರೆಗೆ ಕೊಟ್ಟು ಬರುತ್ತಿದ್ದ. ಬಂದ ದಿನ ಹಿಲ್ಯಾ ಅತ್ತೆಯ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಅಲ್ಲಿನ ಸುದ್ದಿ ಹೇಳುವುದು ಅವನ ಪದ್ಧತಿ. ಕೇಳುವುದು ನಮ್ಮ ಪದ್ಧತಿ.

"ಆಸ್ಪತ್ರೆಯ ದೊಡ್ಡ ನರ್ಸಮ್ಮನ್ನ ಕೇಳ್ದೆ, ಮುಂದಿನ ಸಲ ಏನು ತರ್ಲಿ ಅಂತ," ಎಂದ ಉರ್ಮಸ್. "ಕಾಲುಚೀಲ ಸಾಕು ಅಂದ್ರು. ಒಬ್ಬೊಬ್ಬರ ಹತ್ರ ಹನ್ನೊಂದು ಜೊತೆ ಇದೆಯಂತೆ. ಮೇಣದಬತ್ತೀನೂ ಬೇಡವಂತೆ."

"ಮತ್ತೇನು ಬೇಕಂತೆ?" ಎಂದಳು ಹಿಲ್ಯಾ ಅತ್ತೆ. ಆಕೆಯ ಮಡಿಲಲ್ಲಿ ಹನ್ನೆರಡನೆಯ ಜೊತೆ ಕಾಲುಚೀಲ ಅರ್ಧಕ್ಕೆ ಬಂದಿತ್ತು.

"ಸ್ನಾನ. ಬಾಂಬು ಬಿದ್ದು ನೀರಿನ ಪೈಪೂ ಹೋಗಿದೆ, ಕರೆಂಟೂ ಹೋಗಿದೆ. ಅಂಗಳದಲ್ಲಿ ಒಂದು ಬಾವಿ ಇದೆ. ಮೂರು ವಾರದಿಂದ ಒದ್ದೆ ಬಟ್ಟೇಲಿ ಮೈ ಒರೆಸಿಕೊಳ್ತಿದಾರೆ, ಡಾಕ್ಟ್ರೂ ಅಷ್ಟೇ, ನರ್ಸುಗಳೂ ಅಷ್ಟೇ."

ಹಸಿವೆಂದರೆ, ಚಳಿಯೆಂದರೆ ನಮಗೆ ಅರ್ಥವಾಗುತ್ತಿತ್ತು. ಇದು ಬೇರೆ.

"ಮೂರು ಶನಿವಾರ?" ಎಂದಳು ಹಿಲ್ಯಾ ಅತ್ತೆ, ಮೆಲ್ಲಗೆ.

ಹಾಗೆ ನಮ್ಮೂರಿನಿಂದ ಗಾಲಿಯ ಮೇಲೊಂದು ಹಬೆಮನೆ ಹೋಗಬೇಕೆಂದು ತೀರ್ಮಾನವಾಯಿತು. ಉರ್ಮಸ್ ವಾರದೊಳಗೆ ಒಂದು ಹಳೆಯ ಹುಲ್ಲು ಸಾಗಿಸುವ ಟ್ರೇಲರಿನ ಮೇಲೆ ಹಲಗೆಯ ಕೋಣೆ ಕಟ್ಟಿದ. ಐದು ಜನ ಕೂರಬಹುದು, ಒಬ್ಬರಿಗೊಬ್ಬರು ಕೋಪವಿಲ್ಲದಿದ್ದರೆ ಆರು. ದಪ್ಪ ತಗಡಿನ ಒಲೆ ಬೆಸೆದ, ಹೊಗೆ ಕೊಳವೆ ಇಟ್ಟ. ಉಳಿದದ್ದು ಕಲ್ಲು. ಕಲ್ಲೆಂದರೆ ಆರ್ವೆದ್ ಮಾವ.

ಆರ್ವೆದ್ ಮಾವನಿಗೆ ಆಗ ಎಪ್ಪತ್ತೊಂಬತ್ತು. ಅವನು ಯಾರಿಗೂ ನಿಜವಾದ ಮಾವನಲ್ಲ, ಅವನಿಗಿಂತ ಚಿಕ್ಕವರೆಲ್ಲ ಹಾಗೆ ಕರೆಯುತ್ತೇವೆ. ಊರಿನ ಎಂಟು ಒಲೆಗಳಿಗೂ ಕಲ್ಲು ಆರಿಸಿ ಜೋಡಿಸಿದ್ದು ಅವನೇ. ವಸಂತದಲ್ಲಿ ಉತ್ತ ಹೊಲದೊಳಗೆ ಒಂದೊಂದೇ ಹೆಜ್ಜೆ ಇಡುತ್ತಾ ನಡೆಯುತ್ತಾನೆ. ಕಲ್ಲೆತ್ತಿ ಸುತ್ತಿಗೆಯಿಂದ ತಟ್ಟಿ, ಕಲ್ಲಂಗಡಿ ಹಣ್ಣು ಕೊಳ್ಳುವವರ ಹಾಗೆ ಕಿವಿಗಿಟ್ಟು ಕೇಳುತ್ತಾನೆ. ನೂರರಲ್ಲಿ ತೊಂಬತ್ತೆಂಟನ್ನು ಬದಿಗೆಸೆಯುತ್ತಾನೆ. ಹಾಗೆ ಎಸೆದ ಕಲ್ಲೇ ಈಗ ನಮ್ಮ ಹೊಲಗಳ ಬದಿಯ ಗೋಡೆಗಳಾಗಿವೆ.

ಈ ಸಲ ಅವನು ಹೊಲಕ್ಕೆ ಹೋಗಲಿಲ್ಲ. ಕೈಗಾಡಿ ತಳ್ಳಿಕೊಂಡು ಬಂದ. ಅದರಲ್ಲಿದ್ದದ್ದು ಅವನದೇ ಹಬೆಮನೆಯ ಒಲೆಯ ಕಲ್ಲುಗಳು, ಮಸಿ ಹಿಡಿದು ಕಪ್ಪಗೆ ಮಿರುಗುತ್ತಿದ್ದವು. ಹೊಗೆ ಹೋಗಲು ಕೊಳವೆಯೇ ಇಲ್ಲದ ಹಳೇ ಕಾಲದ ಹಬೆಮನೆ ಅವನದು. ಅದರಲ್ಲಿ ಸ್ನಾನವೂ ಆಗುತ್ತದೆ, ಕ್ರಿಸ್‌ಮಸ್ಸಿಗೆ ಮೊದಲು ಹಂದಿಯ ತೊಡೆಗಳನ್ನು ತೂಗುಹಾಕಿ ಹೊಗೆಯಲ್ಲಿ ಹದ ಮಾಡುವುದೂ ಆಗುತ್ತದೆ.

"ಕಲ್ಲಾ?" ಎಂದಳು ಹಿಲ್ಯಾ ಅತ್ತೆ. "ಯುದ್ಧ ನಡೀತಿರೋ ದೇಶಕ್ಕೆ ಕಲ್ಲು ಕಳಿಸ್ತೀಯಾ? ಅಲ್ಲಿ ಸಿಗಲ್ವಾ?"

"ಸಿಗಲ್ಲ."

"ಇಡೀ ದೇಶದಲ್ಲಿ ಕಲ್ಲು ಸಿಗಲ್ವಾ?"

"ಹಿಲ್ಯಾ, ನಾನು ಅಲ್ಲಿ ಸೋವಿಯತ್ ಸೈನ್ಯದಲ್ಲಿ ಎರಡು ವರ್ಷ ಗುಂಡಿ ತೋಡಿದೀನಿ. ಯಾಕೆ ಅಂತ ಅವರಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಎರಡು ವರ್ಷದಲ್ಲಿ ಸಲಿಕೆಗೆ ಒಂದು ಕಲ್ಲು ತಾಗಿದ ಸದ್ದು ಕೇಳಿಲ್ಲ. ಒಂದಾಳು ಆಳ ಬರೀ ಕಪ್ಪು ಮಣ್ಣು. ಬೆಣ್ಣೆ ಇದ್ದ ಹಾಗೆ. ನನಗೆ ಅಳು ಬರ್ತಿತ್ತು."

"ಸರಿ, ಹೊಲದ ಕಲ್ಲು ಕೊಡು. ನಿನ್ನ ಒಲೇದು ಯಾಕೆ ಕಿತ್ತೆ?"

"ಹೊಸ ಕಲ್ಲಿನ ಹೊಟ್ಟೇಲಿ ನೀರಿರುತ್ತೆ. ಕಾದಾಗ ಪಟಾರ್ ಅಂತ ಸಿಡಿಯುತ್ತೆ. ಅವರಿಗೆ ಸಿಡಿಯೋದು ಬೇಕಾದಷ್ಟಾಗಿದೆ. ಇವು ನಲವತ್ತು ವರ್ಷ ಬೆಂಕೀಲಿ ಬಿದ್ದು ಬುದ್ಧಿ ಕಲಿತಿರೋವು."

ಗುರುವಾರ ವೋರುವಿನ ಗುಜರಿ ಅಂಗಡಿಯ ತೂಕದ ಕಟ್ಟೆಯ ಮೇಲೆ ಟ್ರೇಲರನ್ನು ನಿಲ್ಲಿಸಿದೆವು. ಉರ್ಮಸನ ಲೈಸೆನ್ಸಿನಲ್ಲಿ ಎಳೆಯಬಹುದಾದದ್ದು ಏಳುನೂರೈವತ್ತು ಕಿಲೋ. ಮುಳ್ಳು ಎಂಟುನೂರ ಎಪ್ಪತ್ತಕ್ಕೆ ಹೋಗಿ ನಿಂತಿತು. ಉರ್ಮಸ್ ಟ್ರೇಲರಿನ ಸುತ್ತ ಒಂದು ಸಲ ನಡೆದು ಬಂದ, ಏನಾದರೂ ಕಡಿಮೆಯಾದೀತು ಎನ್ನುವ ಹಾಗೆ.

"ಕಲ್ಲೇ ನೂರರುವತ್ತು ಕಿಲೋ ಇದೆ," ಎಂದ.

"ಕಲ್ಲು ಮುಟ್ಟಬೇಡ," ಎಂದ ಆರ್ವೆದ್ ಮಾವ. "ಬಾಗಿಲು ತೆಗಿ. ಕಂಬಳಿ ಇಳಿಬಿಟ್ರಾಯ್ತು. ಮೇಲಿನ ಹಲಗೆ ತೆಗಿ. ಹಿಲ್ಯಾಳ ಈ ಪೆಟ್ಟಿಗೆ ಏನಿದು?"

"ಅರುವತ್ತು ಸೊಪ್ಪಿನ ಕಟ್ಟು, ಸೋಪು, ಜೇನು, ಒಂದು ಹೊಗೆ ಹಾಕಿದ ತೊಡೆ," ಎಂದಳು ಹಿಲ್ಯಾ ಅತ್ತೆ, ಪೆಟ್ಟಿಗೆಯ ಮೇಲೆ ಕೂತು. "ಇದನ್ನ ತೆಗೀಬೇಕಾದ್ರೆ ನನ್ನೂ ಸೇರಿಸಿ ಎತ್ತು."

ಆರ್ವೆದ್ ಮಾವ ಆಕೆಯನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ತನ್ನ ಮಂಡಿಯನ್ನು ನೋಡಿಕೊಂಡ. ಆ ಮಂಡಿಯ ನೋವಿನಿಂದಲೇ ಅವನು ಉಕ್ರೇನಿಗೆ ಹೊರಡುವ ಹಾಗಿರಲಿಲ್ಲ.

"ಹೋಗ್ಲಿ, ಕಲ್ಲಿಲ್ಲದೇ ಹೋಗ್ಲಿ," ಎಂದ ಕಡೆಗೆ. ಧ್ವನಿ ಇಳಿದಿತ್ತು. "ಕಲ್ಲಿಲ್ಲದ ಹಬೆಮನೆ ಅಂದ್ರೆ ತಗಡಿನ ಡಬ್ಬಿ. ಅದರಲ್ಲಿ ಬೆತ್ತಲೆ ಕೂತು ಒಬ್ಬರ ಮುಖ ಒಬ್ಬರು ನೋಡ್ಕೋಬೇಕು. ಇಷ್ಟು ವಾರ ಮೈಗೆ ನೀರು ಕಾಣದವರಿಗೆ ಕೆಟ್ಟ ಹಬೆ ಕೊಡೋಕಿಂತ ಕೊಡದೇ ಇರೋದು ವಾಸಿ. ನಾನಿನ್ನು ಎಷ್ಟು ಒಲೆ ಜೋಡಿಸ್ತೀನಿ? ಇದೇ ಕೊನೇದು ಅಂದ್ಕೊಂಡಿದ್ದೆ."

ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು. ಜಾಗ ಸಾಲದ ಬಸ್ಸಿನಲ್ಲಿ ಚೀಲಗಳನ್ನು ಎಲ್ಲರ ತೊಡೆಯ ಮೇಲೆ ಹಂಚುವುದು ನನಗೆ ಅಭ್ಯಾಸ. "ಸಾಲಿನಲ್ಲಿ ಒಂಬತ್ತು ಗಾಡಿ ಹೋಗುತ್ತೆ ಮಾವ," ಎಂದೆ. "ನಲವತ್ತು ಕಲ್ಲು. ಗಾಡಿಗೆ ನಾಲ್ಕೋ ಐದೋ. ಟ್ರೇಲರಲ್ಲೇ ಇರ್ಬೇಕು ಅಂತ ಏನಿದೆ?"

ಶನಿವಾರ ಬೆಳಿಗ್ಗೆ ವೋರುವಿನ ಮಾರುಕಟ್ಟೆ ಬಯಲಿನಲ್ಲಿ ಆರ್ವೆದ್ ಮಾವ ಗಾಡಿಯಿಂದ ಗಾಡಿಗೆ ಕುಂಟುತ್ತಾ ಕಲ್ಲು ಹಂಚಿದ. ಪ್ರತಿಯೊಂದಕ್ಕೂ ಹಿಲ್ಯಾ ಅತ್ತೆಯ ಕಾಲುಚೀಲ ತೊಡಿಸಿದ್ದ. ಹೇಗೂ ಅಲ್ಲಿ ಕಾಲುಚೀಲ ಬೇಡವೆಂದಿದ್ದರಲ್ಲ. ಕೆಂಪು ಚೀಲದ್ದು ಒಲೆಯ ತಳಕ್ಕೆ, ಬೂದು ಚೀಲದ್ದು ಮೇಲಕ್ಕೆ. ಆಂಬುಲೆನ್ಸಿನ ಚಾಲಕನೊಬ್ಬನಿಗೆ, "ಇದನ್ನ ಕಾಲ ಕೆಳಗೆ ಇಡ್ಬೇಡ, ಬ್ರೇಕ್ ಹಾಕಿದ್ರೆ ಹೊರಳುತ್ತೆ. ಪಕ್ಕದ ಸೀಟಲ್ಲಿ ಕೂರಿಸು, ಬೆಲ್ಟ್ ಹಾಕು," ಎಂದ. ಆ ಮನುಷ್ಯ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಅವನು ಬೆಲ್ಟ್ ಹಾಕಿದ.

"ವೈಕೆ, ಜೋಡಿಸೋದು ನೀನೇ," ಎಂದ ಆರ್ವೆದ್ ಮಾವ, ಉರ್ಮಸನ ವ್ಯಾನಿನಲ್ಲಿ ಅವನ ಜೊತೆ ಹೊರಟಿದ್ದ ನನ್ನ ಕಿಟಕಿಗೆ ಬಂದು. "ಉರ್ಮಸನ ಕೈಗೆ ಕೊಡ್ಬೇಡ. ಅವನಿಗೆ ಕಬ್ಬಿಣ ಗೊತ್ತು, ಕಲ್ಲು ಗೊತ್ತಿಲ್ಲ."

ಆ ದಿನ ಅವನು ಒಂಬತ್ತು ಸಲ ಫೋನು ಮಾಡಿದ. ಪೋಲೆಂಡಿನೊಳಗೆ ಬಂದ ಮೇಲೆ ಉರ್ಮಸ್ ಎತ್ತುವುದನ್ನು ಬಿಟ್ಟ.

ಮಾರನೆಯ ದಿನ ಮಧ್ಯಾಹ್ನ ಉಕ್ರೇನಿನ ಗಡಿಯಲ್ಲಿ ಒಬ್ಬ ಎಳೆಯ ಅಧಿಕಾರಿ ನಮ್ಮ ಕಾಗದ ಹಿಡಿದು ನಿಂತ. ತುಂಬಾ ಮರ್ಯಾದೆಯ ಹುಡುಗ. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು.

"ಮಾನವೀಯ ನೆರವು. ಕಲ್ಲು, ನಲವತ್ತು. ಬಳಸಿದ್ದು," ಎಂದು ಓದಿದ. ಮತ್ತೊಮ್ಮೆ ಓದಿದ. "ಬಳಸಿದ್ದು?"

"ಹೊಸದೋ ಹಳೇದೋ ಬರೀರಿ ಅಂತ ಇತ್ತಲ್ಲ ಸಾರ್," ಎಂದೆ.

"ಒಂಬತ್ತು ಗಾಡಿಯಲ್ಲೂ ಇದೆಯಾ?"

"ಎಲ್ಲದರಲ್ಲೂ ಇದೆ."

"ಬಳಸಿದ ಕಲ್ಲು ಯಾಕಮ್ಮಾ?"

ನಾನು ಸುಳ್ಳು ಹೇಳುವವಳಲ್ಲ. ಆದರೆ ನಿಜ ಹೇಳಲೂ ಒಂದು ಜಾಗ, ಒಂದು ಹೊತ್ತು ಇದೆ ಎನ್ನುವುದು ಆ ಕ್ಷಣ ಹೊಳೆಯಲಿಲ್ಲ. "ಹೊಸ ಕಲ್ಲು ಸಿಡಿಯುತ್ತೆ ಸಾರ್," ಎಂದೆ.

ಉರ್ಮಸ್ ಕಣ್ಣು ಮುಚ್ಚಿಕೊಂಡ. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು ಯಾರನ್ನೋ ಕರೆದ. ನಾಯಿ ಬಂತು.

ಸಿಡಿಮದ್ದು ಸಿಕ್ಕರೆ ಸುಮ್ಮನೆ ಕೂತುಬಿಡಬೇಕೆಂದು ಆ ನಾಯಿಗೆ ಕಲಿಸಿದ್ದರು. ಅದು ಮೊದಲ ಗಾಡಿಯ ಬಾಗಿಲಿಗೆ ಮೂಗಿಟ್ಟಿತು, ಮೈಯೆಲ್ಲ ನಡುಗಿತು, ಕೂತಿತು. ಎರಡನೆಯ ಗಾಡಿಯಲ್ಲೂ ಕೂತಿತು. ಮೂರನೆಯದರಲ್ಲಿ ಕೂತು, ನಾಲಗೆಯಿಂದ ಜೊಲ್ಲು ಸುರಿಸಿತು. ಐದನೆಯದಕ್ಕೆ ಬರುವ ಹೊತ್ತಿಗೆ ನಮ್ಮನ್ನೆಲ್ಲ ದೂರದ ಬೇಲಿಯಾಚೆ ನಿಲ್ಲಿಸಿ, ಹೆಲ್ಮೆಟ್ಟಿನವರೊಬ್ಬರು ಹೊಟ್ಟೆಯ ಮೇಲೆ ತೆವಳುತ್ತಾ ಆಂಬುಲೆನ್ಸಿನ ಸೀಟಿನಿಂದ ಬೆಲ್ಟ್ ಬಿಚ್ಚಿ, ಕೆಂಪು ಕಾಲುಚೀಲ ತೊಟ್ಟ ಆರ್ವೆದ್ ಮಾವನ ಕಲ್ಲನ್ನು ಎರಡೂ ಕೈಯಲ್ಲಿ, ಹಸುಗೂಸನ್ನು ಎತ್ತುವ ಹಾಗೆ ಎತ್ತಿ ನೆಲಕ್ಕಿಳಿಸುತ್ತಿದ್ದರು. ಅಷ್ಟರಲ್ಲಿ ನಾಯಿ ಹಗ್ಗ ಬಿಡಿಸಿಕೊಂಡು ಹೋಗಿ ಕಲ್ಲನ್ನು ನೆಕ್ಕತೊಡಗಿತು.

"ಅಯ್ಯೋ!" ಎಂದು ಕೂಗಿದೆ ನಾನು. "ಹಂದಿ ತೊಡೆ ಸಾರ್! ನಲವತ್ತು ವರ್ಷ ಅದರ ಕೊಬ್ಬು ತೊಟ್ಟಿಕ್ಕಿದೆ ಆ ಕಲ್ಲಿನ ಮೇಲೆ!"

ನಂಬಲಿಲ್ಲ. ಹಿಲ್ಯಾ ಅತ್ತೆಯ ಪೆಟ್ಟಿಗೆಯಿಂದ ತೊಡೆ ತೆಗೆದು ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಕಲ್ಲನ್ನೂ ಹಿಡಿದು ಮೂಸಿ ತೋರಿಸಬೇಕಾಯಿತು. ಅಧಿಕಾರಿ ಮೂಸಿದ. ಅವನ ಮೇಲಧಿಕಾರಿ ಬಂದು ಮೂಸಿದ, ಅದರ ರುಚಿಯನ್ನೂ ಪರೀಕ್ಷಿಸಬೇಕಾಗುತ್ತದೆ ಎಂದ. ನಾಲ್ಕು ಗಂಟೆ ತಡವಾಗಿ, ಮೂಳೆಯೊಂದನ್ನೇ ಪೆಟ್ಟಿಗೆಯಲ್ಲಿಟ್ಟುಕೊಂಡು ನಾವು ಗಡಿ ದಾಟಿದೆವು. ಆಮೇಲೆ ಪೆಟ್ಟಿಗೆ ನೋಡಿದರೆ ಮೂಳೆಯೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಿರುವ ಊರು ಸಿಕ್ಕಿತು. ಆಸ್ಪತ್ರೆಯ ಕಿಟಕಿಗಳಿಗೆ ಗಾಜಿನ ಬದಲು ಹಲಗೆ ಹೊಡೆದಿದ್ದರು. ಅಂಗಳದಲ್ಲಿ ಬಾವಿ, ಪಕ್ಕದಲ್ಲಿ ಹೊಲ. ಟ್ರೇಲರು ನಿಲ್ಲಿಸಲು ಹೋಗಿ ಉರ್ಮಸನ ಬೂಟು ಪಾದ ಮುಳುಗುವಷ್ಟು ಹೂತುಹೋಯಿತು. ನಾನು ಬಗ್ಗಿ ಒಂದು ಹಿಡಿ ಮಣ್ಣೆತ್ತಿದೆ. ಕಪ್ಪಗೆ, ನುಣ್ಣಗೆ, ಒಂದು ಹರಳೂ ಇಲ್ಲ. ನನಗೂ ಸ್ವಲ್ಪ ಅಳು ಬಂತು.

ದೊಡ್ಡ ನರ್ಸಿನ ಹೆಸರು ರಯೀಸಾ ಪೆಟ್ರಿವ್ನಾ. ಐವತ್ತೈದರ ಗಟ್ಟಿ ಹೆಂಗಸು. ನಾವಿಬ್ಬರೂ ಮಾತಾಡಿದ್ದು ರಷ್ಯನ್ನಿನಲ್ಲಿ. ಇಬ್ಬರಿಗೂ ಶಾಲೆಯಲ್ಲಿ ಕಡ್ಡಾಯವಾಗಿತ್ತು, ಇಬ್ಬರಿಗೂ ಆಡಲು ಮನಸ್ಸಿರಲಿಲ್ಲ, ಬೇರೆ ಭಾಷೆ ಇಬ್ಬರಿಗೂ ಬರುತ್ತಿರಲಿಲ್ಲ.

"ಎಷ್ಟು ಹೊತ್ತಿಗೆ ಆಗುತ್ತೆ?" ಎಂದು ಕೇಳಿದಳು.

"ಕಲ್ಲು ಜೋಡಿಸಬೇಕು. ಆಮೇಲೆ ಕಾಯಬೇಕು."

"ಐದು ವಾರ ಕಾದಿದೀವಿ. ಹೇಳಿ, ಎಷ್ಟು ಹೊತ್ತು?"

ಜನರೇಟರಿನಿಂದ ನಡೆಯುವ ಆಸ್ಪತ್ರೆಯ ಇಂಟರ್ನೆಟ್ಟಿನಲ್ಲಿ ಆರ್ವೆದ್ ಮಾವನ ಧ್ವನಿ ಸಿಕ್ಕಿತು. ಫೋನನ್ನು ಕಿಟಕಿಯ ದಂಡೆಯ ಮೇಲಿಟ್ಟು, ಒಂಬತ್ತೂ ಗಾಡಿಯಿಂದ ಇಳಿಸಿದ್ದರಲ್ಲಿ ಅವನು ಹೇಳಿದ ಹಾಗೆ ಕೆಂಪು ಚೀಲದ ಕಲ್ಲನ್ನೆಲ್ಲ ಬಿಚ್ಚಿ ತಳಕ್ಕಿಟ್ಟೆ. ಮಧ್ಯೆ ಬೆಂಕಿ ಉಸಿರಾಡಲು ಸಂದು ಬಿಟ್ಟೆ. ಬೂದು ಚೀಲದವನ್ನು ಮೇಲೆ ಪೇರಿಸಿದೆ. ಪ್ರತಿ ಕಲ್ಲಿಟ್ಟಾಗಲೂ, "ಅಲುಗಾಡುತ್ತಾ?" ಎಂದು ಕೇಳುತ್ತಿದ್ದ. ಅಲುಗಾಡದಿದ್ದರೆ ಮುಂದಿನದು. ಹನ್ನೊಂದಕ್ಕೆ ಉರ್ಮಸ್ ಬೆಂಕಿ ಹಚ್ಚಿದ.

ಒಂದು ಗಂಟೆಗೆ ಐವರು ನರ್ಸುಗಳು ಟವೆಲ್ ಸುತ್ತಿ, ಅದರ ಮೇಲೆ ಕೋಟು ಹಾಕಿ, ಸೊಪ್ಪಿನ ಕಟ್ಟು ಹಿಡಿದು ಮೆಟ್ಟಿಲ ಹತ್ತಿರ ಸಾಲು ನಿಂತರು. ಎಲ್ಲರಿಗಿಂತ ಮುಂದೆ ರಯೀಸಾ ಪೆಟ್ರಿವ್ನಾ. ನಾನು ಒಳಗೆ ಹೋಗಿ ಫೋನನ್ನು ಒಲೆಯ ಕಡೆ ಹಿಡಿದು ಒಂದು ಸೌಟು ನೀರು ಹಾಕಿದೆ. ಚುರ್ರ್ ಎಂದಿತು.

"ಇಲ್ಲ," ಎಂದ ಆರ್ವೆದ್ ಮಾವ ಸಾವಿರದ ಐನೂರು ಕಿಲೋಮೀಟರು ದೂರದಿಂದ. "ಸದ್ದು ಬಂತು. ಒಳಗಿನ್ನೂ ಕಾದಿಲ್ಲ. ಚೆನ್ನಾಗಿ ಕಾದ ಕಲ್ಲು ಸದ್ದು ಮಾಡಲ್ಲ. ಇನ್ನೊಂದು ಗಂಟೆ."

"ಮಾವ, ಟವೆಲ್ ಸುತ್ಕೊಂಡು ಹೊರಗೆ ನಿಂತಿದಾರೆ. ಚಳಿ ಇದೆ."

"ಟವೆಲ್ ಯಾರು ಸುತ್ಕೊಳ್ಳೋಕೆ ಹೇಳಿದ್ರು ಈಗಲೇ?"

ಹೊರಗೆ ಬಂದು ಹೇಳಿದೆ. ರಯೀಸಾ ಪೆಟ್ರಿವ್ನಾ ಕೈ ಚಾಚಿದಳು. ಫೋನು ಕೊಟ್ಟೆ.

"ಯಾರು ನೀವು?" ಎಂದಳು.

"ಆ ಕಲ್ಲಿನವನು," ಎಂದ ಆರ್ವೆದ್ ಮಾವ. ಸೈನ್ಯ ಬಿಟ್ಟ ಮೇಲೆ ಅವನು ರಷ್ಯನ್ನಿನಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು. "ನೀವು ಯಾರು?"

"ಐದು ವಾರದಿಂದ ಮೈ ಕೆರ್ಕೊಳ್ತಿರೋಳು. ಕೇಳಿ ಮುದುಕಪ್ಪ. ಬೆಳಿಗ್ಗೆ ನಾಲ್ಕರಿಂದ ನಿಂತೇ ಇದೀವಿ. ಎರಡಕ್ಕೆ ಮತ್ತೆ ಗಾಯಾಳುಗಳ ಗಾಡಿ ಬರಬಹುದು. ನಿಮ್ಮ ಕಲ್ಲಿಗೆ ಇನ್ನೂ ಬಿಸಿಯಾಗಬೇಕಂದ್ರೆ ಅದು ನಮ್ಮ ಬೆನ್ನು ನೋಡ್ಕೊಂಡು ಬಿಸಿಯಾಗ್ಲಿ."

"ಅಮ್ಮಾ, ಅರೆಕಾದ ಹಬೆ ಮೈಮೇಲೆ ಕೂರುತ್ತೆ, ಒಳಗೆ ಇಳಿಯಲ್ಲ. ಒಂದೇ ಗಂಟೆ—"

ಫೋನನ್ನು ಕೋಟಿನ ಜೇಬಿಗೆ ಹಾಕಿ, ಕೋಟನ್ನು ನನ್ನ ಕೈಗೆ ಕೊಟ್ಟು ಅವಳು ಒಳಗೆ ನಡೆದಳು. ಹಿಂದೆಯೇ ಐವರು. ಬಾಗಿಲು ಮುಚ್ಚಿತು. ಎರಡು ನಿಮಿಷಕ್ಕೆ ವಿಮಾನ ದಾಳಿಯ ಸೈರನ್ನು ಕೂಗಿತು. ಅಂಗಳದವರೆಲ್ಲ ನೆಲಮಾಳಿಗೆಯ ಕಡೆ ಹೊರಟರು. ಉರ್ಮಸ್ ಹಬೆಮನೆಯ ಬಾಗಿಲು ಬಡಿದ.

"ಸೈರನ್ನು! ಹೊರಗೆ ಬರ್ಬೇಕಂತೆ!"

"ಈಗ ತಾನೇ ಸೋಪು ಹಚ್ಕೊಂಡಿದೀವಿ!" ಎಂದು ಒಳಗಿಂದ ಒಬ್ಬಳು ಕೂಗಿದಳು. ಎಲ್ಲರೂ ನಕ್ಕರು. ಸೊಪ್ಪಿನ ಕಟ್ಟು ಬೆನ್ನಿಗೆ ಬೀಳುವ ಸದ್ದು ಇನ್ನೂ ಜೋರಾಯಿತು. ಉರ್ಮಸ್ ನೆಲಮಾಳಿಗೆಗೆ ಹೋಗಲೋ ಬೇಡವೋ ಎಂದು ನನ್ನ ಮುಖ ನೋಡಿದ. ನಾವಿಬ್ಬರೂ ಟ್ರೇಲರಿನ ಕೆಳಗೆ ಹೋಗಿ ಕೂತೆವು. ತಗಡಿನ ಒಲೆಯ ಕೆಳಗೆ ಬೆಚ್ಚಗಿತ್ತು, ಹಲಗೆಯ ಸಂದಿನಿಂದ ಸೋಪಿನ ನೀರು ತಲೆಯ ಮೇಲೆ ಬೀಳುತ್ತಿತ್ತು. ದೂರದಲ್ಲಿ ಎರಡು ಸಲ ಧಡ್ ಎಂದಿತು, ಆಮೇಲೆ ಏನೂ ಇಲ್ಲ.

ಅರ್ಧ ಗಂಟೆಯಾದ ಮೇಲೆ ಹೊರಗೆ ಬಂದರು. ಬೀಟ್‌ರೂಟಿನ ಬಣ್ಣ, ಕೂದಲಿನಿಂದ ಹಬೆ. ಹುಡುಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಆಸ್ಪತ್ರೆಯೊಳಗೆ ಓಡಿದರು. ರಯೀಸಾ ಪೆಟ್ರಿವ್ನಾ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಕೋಟಿಗೆ ಕೈ ಚಾಚಿ ಫೋನು ತೆಗೆದಳು. ಅದು ಬಂದಾಗಿರಲೇ ಇಲ್ಲ.

"ಮುದುಕಪ್ಪ ಇದೀರಾ?"

"ಇದೀನಿ. ಹೇಗಿತ್ತು?"

"ಚೆನ್ನಾಗಿತ್ತು."

ಅವನಿಗೆ ಬೇಕಾದ ಉತ್ತರ ಇದಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಾಯಿತೆಂದು ಕಾಣುತ್ತದೆ. ಟವೆಲಿನಿಂದ ಮುಖ ಒರೆಸಿಕೊಂಡಳು.

"ಮೈ ತೊಳೀತು," ಎಂದಳು. "ಕೊಳೆ ಹೋಯ್ತು. ಆದ್ರೆ ಇಲ್ಲಿ, ಹೆಗಲ ಮೂಳೆ ಹತ್ರ, ಐದು ವಾರದಿಂದ ಒಂದು ಚಳಿ ಕೂತಿದೆ. ಅಲ್ಲೀತನಕ ಇಳೀಲಿಲ್ಲ."

"ಇಳಿಯಲ್ಲ!" ಎಂದ ಆರ್ವೆದ್ ಮಾವ. ಹೇಳತೀರದ ಸಂತೋಷ ಆ ಧ್ವನಿಯಲ್ಲಿ. "ನಾನು ಬಡ್ಕೊಂಡ್ನಲ್ಲ, ಇಳಿಯಲ್ಲ ಅಂತ! ಒಂದು ಗಂಟೆ ಕಾಯಿಸಿ ಅಮ್ಮಾ, ಒಂದೇ ಒಂದು ಗಂಟೆ!"

ಅವಳು ಎದ್ದಳು. ಕೋಟು ತೊಟ್ಟು, ಒಲೆಗೆ ನಾಲ್ಕು ಸೌದೆ ತುರುಕಿ, ಬಾಗಿಲು ಮುಚ್ಚಿ, ಸೌಟು ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಎರಡನೆಯ ಸರದಿಯವರು ಬಂದರು. ಮೂವರು ಆಯಾಗಳು, ಆಸ್ಪತ್ರೆಯ ಆಂಬುಲೆನ್ಸಿನ ಚಾಲಕ, ಅವರ ಮುಂದೆ ಬರಿಮೈಗೆ ಟವೆಲ್ ಸುತ್ತಿ ರಬ್ಬರ್ ಬೂಟು ಹಾಕಿದ ಸಣಕಲು ಸರ್ಜನ್ನು. ಗಾಯಾಳುಗಳ ಗಾಡಿ ಆ ಹೊತ್ತಿಗೂ ಬಂದಿರಲಿಲ್ಲ.

"ಒಳಗೆ ಬಿಡಿ ರಯೀಸಾ ಪೆಟ್ರಿವ್ನಾ," ಎಂದ ಸರ್ಜನ್ನು.

"ಇನ್ನೂ ಕಾದಿಲ್ಲ."

"ಹೊಗೆ ಬರ್ತಿದೆಯಲ್ಲ!"

"ಹೊಗೆ ಬೇರೆ, ಹಬೆ ಬೇರೆ. ಒಂದು ಗಂಟೆ."

"ನೀವು ಹೋಗಿ ಬಂದಿರಿ! ನಾನು ಇಲ್ಲಿಯ ಸರ್ಜನ್ನು!"

"ಆಪರೇಷನ್ ಕೋಣೇಲಿ ನಿಮ್ಮ ಮಾತು ನಾನು ಕೇಳ್ತೀನಿ, ಇಗೋರ್ ವಲೆರಿಯೊವಿಚ್. ಇಲ್ಲಿ ಕಲ್ಲಿನ ಮಾತು. ಕೋಟು ಹಾಕ್ಕೊಂಡು ಬನ್ನಿ, ಶೀತ ಆಗುತ್ತೆ."

ಅವನು ನನ್ನನ್ನು ನೋಡಿದ. ನಾನು ಏನು ಮಾಡಲಿ? ಆಯಾಗಳು ಒಬ್ಬೊಬ್ಬರಾಗಿ ಬಾವಿಕಟ್ಟೆಯ ಮೇಲೆ ಕೂತರು. ಒಬ್ಬಳು ಸೂರ್ಯಕಾಂತಿ ಬೀಜ ತಂದಳು. ಸರ್ಜನ್ನು ಕೋಟು ಹಾಕಿಕೊಂಡು ಬಂದು, ಹತ್ತು ನಿಮಿಷಕ್ಕೊಮ್ಮೆ, "ಈಗ?" ಎಂದು ಕೇಳುತ್ತಿದ್ದ. ರಯೀಸಾ ಪೆಟ್ರಿವ್ನಾಳೂ ಅವಳ ಕೋಟಿನ ಜೇಬಿನೊಳಗಿಂದ ಆರ್ವೆದ್ ಮಾವನೂ ಒಟ್ಟಿಗೇ "ಇಲ್ಲ" ಎನ್ನುತ್ತಿದ್ದರು.

ಗಂಟೆ ತುಂಬಿದಾಗ ಅವಳು ಬಾಗಿಲು ತೆರೆದು, ಫೋನನ್ನು ಒಲೆಯ ಕಡೆ ಹಿಡಿದು, ಒಂದು ಸೌಟು ನೀರು ಹಾಕಿದಳು. ನಾವೆಲ್ಲ ಬಾಗಿಲಲ್ಲಿ ಕಿವಿ ಚಾಚಿ ನಿಂತಿದ್ದೆವು. ಏನೂ ಕೇಳಲಿಲ್ಲ. ನೀರು ಎಲ್ಲಿ ಹೋಯಿತೆನ್ನುವುದೂ ತಿಳಿಯಲಿಲ್ಲ. ಒಂದು ಉಸಿರಿನಷ್ಟು ಹೊತ್ತಾದ ಮೇಲೆ, ಬೆಚ್ಚಗಿನದೇನೋ ನಮ್ಮ ಮುಖವನ್ನು ಮೆಲ್ಲಗೆ ಹಿಡಿದುಕೊಂಡಿತು.

"ಏನೂ ಕೇಳಿಸ್ಲಿಲ್ಲ," ಎಂದ ಆರ್ವೆದ್ ಮಾವ.

"ಏನೂ ಕೇಳಿಸ್ಲಿಲ್ಲ," ಎಂದಳು ರಯೀಸಾ ಪೆಟ್ರಿವ್ನಾ.

"ಹಾಂ. ಈಗ ಹೋಗ್ಬಹುದು."

ಸರ್ಜನ್ನು ಕೋಟನ್ನು ಅಲ್ಲೇ ಬಿಸುಟು ಎರಡೇ ನೆಗೆತಕ್ಕೆ ಒಳಗೆ ಹಾರಿದ. ಅವಳು ಹಿಂದಿನಿಂದ ಬೂಟು, ಬೂಟು ಎಂದು ಕೂಗುತ್ತಲೇ ಇದ್ದಳು.